ಪಸಿವಿನಿಂದ ಹಸಿವಿನ ಮದ್ದಿನವರೆಗೆ

ಪುತ್ತೂರು, ಸುಳ್ಯ, ಕಡಬದ ಕಡೆ ಹೊಟ್ಟೆ ಒಂದೇ, ಮಾತು ಹಲವು. ಹವ್ಯಕರ ಮನೆಯ ಮಗು ‘ಹಶು ಆವ್ತು’ ಎಂದರೆ, ಪಕ್ಕದ ತುಳು ಮನೆಯ ಮಗು ‘ಬಡವಾಪುಂಡು’ ಎನ್ನುತ್ತದೆ. ಕಾಸರಗೋಡಿನ ಕಡೆ ದಾಟಿದರೆ ಮಲಯಾಳದ ಆಡುಮಾತಿನಲ್ಲಿ ‘ಪೈಕ್ಕುನ್ನು’. ಈ ಹಶು, ಪೈಕ್ಕುನ್ನು, ತಮಿಳಿನ ಪಸಿ ಎಲ್ಲವೂ ಒಂದೇ ಬೇರಿನವು. ಹಳಗನ್ನಡದಲ್ಲೂ ಅದು ಪಸಿವು. ಪಾಲು ಹಾಲಾದಂತೆ, ಪೂ ಹೂವಾದಂತೆ ಪಸಿವು ಹಸಿವಾಯಿತು. 12ನೇ ಶತಮಾನದ ಅಕ್ಕಮಹಾದೇವಿ ಈ ಹಸಿವೆಯನ್ನೇ ಎದುರಿಗೆ ನಿಲ್ಲಿಸಿಕೊಂಡು ಮಾತಾಡಿದ್ದಾಳೆ.

ತುಳುವಿನ ‘ಬಡವು’ ಬೇರೆ ದಾರಿಯದು. ಕನ್ನಡದ ಬಡ, ಬಡವ, ಬಡಕಲು ಅದರ ನಂಟರು. ಆಟಿ ತಿಂಗಳ ಮಳೆಗೆ ಕೂಲಿ ನಿಂತು, ಅಕ್ಕಿಮುಡಿ ಬರಿದಾಗಿ, ತಜಂಕಿನ ಸೊಪ್ಪು, ಕೆಸುವಿನೆಲೆ, ಕೂಡಿಟ್ಟ ಹಲಸಿನ ಬೀಜದಲ್ಲಿ ದಿನ ದೂಡಿದ ನಾಡಿದು. ಇಲ್ಲಿ ಹಸಿವಿಗೂ ಬಡತನಕ್ಕೂ ಒಂದೇ ಬೇರಿನ ಮಾತಿರುವುದು ನನಗಂತೂ ಆಕಸ್ಮಿಕವೆನಿಸುವುದಿಲ್ಲ.

ಈಗ ಅದೇ ಊರುಗಳ ಮೆಡಿಕಲ್ ಶಾಪಿನಲ್ಲಿ ‘ಹಸಿವಿನ ಮದ್ದು’ ಕೇಳುತ್ತಾರೆ. ಜ್ವರದ ಮದ್ದು ಜ್ವರವನ್ನು ಓಡಿಸುತ್ತದೆ, ಕೆಮ್ಮಿನ ಮದ್ದು ಕೆಮ್ಮನ್ನು. ಹಸಿವಿನ ಮದ್ದು ಮಾತ್ರ ಹಸಿವನ್ನು ಕರೆತರಬೇಕು! ಗಂಜಿಯೇ ಹಸಿವಿಗೆ ಮದ್ದಾಗಿದ್ದ ಕಾಲದಿಂದ ಈ ನುಡಿಗಟ್ಟು ಎಷ್ಟು ದೂರ ಬಂದಿದೆ.

ಆ ಹೆಸರಿನಲ್ಲಿ ಹೆಚ್ಚಾಗಿ ಸಿಗುವ ಸಿರಪ್‌ನಲ್ಲಿರುವುದು ಸೈಪ್ರೊಹೆಪ್ಟಡೀನ್. ಮೂಲತಃ ಅಲರ್ಜಿಯ ಔಷಧ. ಕುಡಿದವರಿಗೆ ತೂಕಡಿಕೆ ಬರುವುದೂ ಅದರಿಂದಲೇ. ‘ಹೊಟ್ಟೆ ಹಸಿದಿದೆ’ ಎಂದು ನಮ್ಮ ಮಾತು ಹೊಟ್ಟೆಯನ್ನೇ ಕರ್ತೃವಾಗಿಸಿದರೂ ಈ ಮದ್ದು ಹಸಿವು ತರುವುದು ಮಿದುಳಿನಲ್ಲಿ. ಅಲ್ಲಿ ಹೈಪೊಥಲಾಮಸ್ ಎಂಬ ಭಾಗದ ಕೆಲವು ನರಕೋಶಗಳ ಮೇಲೆ ಸೆರೊಟೋನಿನ್ ಎಂಬ ರಾಸಾಯನಿಕ ಬಂದು ಕೂರುವ ಗ್ರಾಹಕಗಳಿವೆ. 2ಸಿ ಎಂಬ ಗ್ರಾಹಕದಲ್ಲಿ ಅದು ಕೂತಾಗ ‘ಸಾಕು’ ಎಂಬ ಸಂದೇಶ ಹೊರಡುತ್ತದೆ. ಸೈಪ್ರೊಹೆಪ್ಟಡೀನ್ ಆ ಜಾಗವನ್ನು ಅಡ್ಡಗಟ್ಟುವುದರಿಂದ ‘ಸಾಕು’ ತಡವಾಗುತ್ತದೆ. ಅಂದರೆ ಹಸಿವಿನ ಮದ್ದು ಹಸಿವನ್ನು ಹುಟ್ಟಿಸುವುದಕ್ಕಿಂತ ತೃಪ್ತಿಯನ್ನು ತಡೆಯುತ್ತದೆ. 2ಸಿ ಗ್ರಾಹಕವಿಲ್ಲದೆ ಹುಟ್ಟಿದ ಇಲಿಗಳು ಅತಿಯಾಗಿ ತಿಂದು ಕೊಬ್ಬಿದ್ದನ್ನು 1995ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಅದೇ ಗ್ರಾಹಕವನ್ನು ಕೆಣಕಿ ತೂಕ ಇಳಿಸುವ ಲಾರ್ಕಸೆರಿನ್ ಎಂಬ ಮದ್ದಿಗೆ ಅಮೆರಿಕದಲ್ಲಿ 2012ರಲ್ಲಿ ಒಪ್ಪಿಗೆ ಸಿಕ್ಕಿತು. ಕ್ಯಾನ್ಸರಿನ ಶಂಕೆ ಮೂಡಿ 2020ರಲ್ಲಿ ಮಾರುಕಟ್ಟೆಯಿಂದ ಹೊರಬಿತ್ತು. ಇನ್ನು ಹೊಟ್ಟೆಯ ಮಾತಿಗೆ ಬಂದರೆ, ದೇಹದ ಸೆರೊಟೋನಿನ್‌ನಲ್ಲಿ ಶೇ. 90ಕ್ಕೂ ಹೆಚ್ಚು ಕರುಳಿನಲ್ಲೇ ತಯಾರಾಗುತ್ತದೆ, ಆದರೆ ಅದು ಮಿದುಳನ್ನು ಹೊಗಲಾರದು. ಮಿದುಳು ತನಗೆ ಬೇಕಾದ್ದನ್ನು ತಾನೇ ಮಾಡಿಕೊಳ್ಳುತ್ತದೆ.

ಕನ್ನಡಕ್ಕೆ ಹಸಿವು ಬೇರೆ, ಚಪಲ ಬೇರೆ. ಊಟ ಮುಗಿಸಿದವನೂ ಹಲಸಿನ ಹಪ್ಪಳಕ್ಕೆ ಕೈಚಾಚಿದರೆ ಅದು ನಾಲಿಗೆಯ ಕೆಲಸ ಎನ್ನುತ್ತೇವೆ. 2ಸಿ ಗ್ರಾಹಕ ಈ ಎರಡಕ್ಕೂ ಕೈಹಾಕುತ್ತದೆ. ಆಸೆಯನ್ನು ಕುದುರಿಸುವ ಡೋಪಮೀನ್ ವ್ಯವಸ್ಥೆಗೂ ಅದರ ಕಡಿವಾಣವಿದೆ. ಆ ಗ್ರಾಹಕವನ್ನು ಪ್ರಚೋದಿಸಿದಾಗ ಇಲಿಗಳು ತಿಂಡಿಗಾಗಿ ಪಡುವ ಶ್ರಮವೇ ಕಡಿಮೆಯಾಗುತ್ತದೆ.

ಉಂಡಾಗ ಹಸಿವು ಇಂಗುತ್ತದೆ. ಉಣ್ಣದೆಯೂ ಬೇಡವಾದಾಗ ‘ಹಸಿವು ಸತ್ತಿದೆ’ ಎನ್ನುತ್ತಾರೆ. ಈ ಎರಡನೆಯ ಮಾತಿನ ಹಿಂದೆ ಕ್ಷಯ ಇರಬಹುದು, ಕಾಮಾಲೆ ಇರಬಹುದು, ಮನಸ್ಸಿನ ಖಿನ್ನತೆಯೂ ಇರಬಹುದು. ಮನೆಯ ಅಜ್ಜಿ ಹಾಗೆಂದರೆ ಸಿರಪ್ ತರುವ ಮೊದಲು ಅವರನ್ನು ಡಾಕ್ಟರ ಬಳಿ ಕರೆದೊಯ್ಯಬೇಕು.