ದೊಗಳೆ ಸ್ವೆಟರಿನ ಹಿತ ಎಲ್ಲಿಂದ ಬಂತು

ಚಳಿಗಾಲ ಹತ್ತಿರವಾದಂತೆ ಉಣ್ಣೆ ಬಟ್ಟೆಯ ಜಾಹೀರಾತುಗಳಲ್ಲಿ ಒಂದು ಚಿತ್ರ ತಪ್ಪದೆ ಕಾಣಿಸಿಕೊಳ್ಳುತ್ತದೆ. ಕಡಲಂಚಿನ ಬಂಡೆ, ಮೋಡ ಕವಿದ ಆಕಾಶ, ಬಂಡೆಯ ಮೇಲೆ ಕೆನೆಬಣ್ಣದ ದಪ್ಪ ಸ್ವೆಟರ್ ತೊಟ್ಟ ಗಂಡಸು. ಸ್ವೆಟರಿನ ಭುಜ ತೋಳಿನ ಮೇಲೆ ಜಾರಿದೆ, ತೋಳು ಬೆರಳುಗಳವರೆಗೆ ಇಳಿದಿದೆ. ಉತ್ತರದ ಸಮುದ್ರಗಳ ಮೀನುಗಾರರು ನೂರಾರು ವರ್ಷ ತೊಟ್ಟು ಪರೀಕ್ಷಿಸಿದ ಹಿತ ಇದು, ಈಗ ನಮ್ಮ ಪಾಲಿಗೂ ಬಂದಿದೆ ಎಂಬುದು ಆ ಚಿತ್ರ ಹೇಳುವ ಕತೆ. ಕತೆ ಚೆಂದವಾಗಿದೆ, ಆದರೆ ಅದಕ್ಕೆ ಆಧಾರವಿಲ್ಲ. ದುಡಿಯುವವರ ಹೆಣಿಗೆಯ ಅಂಗಿ ದೊಗಳೆಯಾಗಿರಲಿಲ್ಲ, ಮೈಗೆ ಅಂಟಿಕೊಂಡಿರುತ್ತಿತ್ತು. ಸ್ವೆಟರ್ ದೊಗಳೆಯಾದದ್ದು ದುಡಿಮೆಯಿಂದ ಬಿಡಿಸಿಕೊಂಡ ಮೇಲೆ, ಒಬ್ಬರ ಮೈಗೆಂದು ಆದದ್ದನ್ನು ಇನ್ನೊಬ್ಬರು ತೊಟ್ಟ ಮೇಲೆ. ಅದರ ಚರಿತ್ರೆ ಬಹುಮಟ್ಟಿಗೆ ಎರವಲು ಬಟ್ಟೆಯ ಚರಿತ್ರೆ, ಮತ್ತು ಎರವಲು ತಂದವರಲ್ಲಿ ಹೆಚ್ಚಿನವರು ಹರೆಯದ ಹೆಣ್ಣುಮಕ್ಕಳು.

ಮೊದಲು ಮೀನುಗಾರರ ಅಂಗಿಯನ್ನೇ ನೋಡೋಣ. ಬ್ರಿಟನ್ನಿನ ಕರಾವಳಿಯಲ್ಲಿ ಹತ್ತೊಂಬತ್ತನೆಯ ಶತಮಾನದ ಉದ್ದಕ್ಕೂ ಬಳಕೆಯಲ್ಲಿದ್ದದ್ದು ಗ್ಯಾನ್ಸಿ ಎಂಬ ಕಡುನೀಲಿ ಅಂಗಿ. ಐದು ಎಳೆ ಕೂಡಿಸಿ ಬಿಗಿಯಾಗಿ ಹುರಿಗೊಳಿಸಿದ ಉಣ್ಣೆ ನೂಲನ್ನು ತೆಳ್ಳನೆಯ ಉಕ್ಕಿನ ಕಡ್ಡಿಗಳಲ್ಲಿ ಹೆಣೆಯುತ್ತಿದ್ದರು. ಕುಣಿಕೆಗಳು ಎಷ್ಟು ಒತ್ತಾಗಿರುತ್ತಿದ್ದವೆಂದರೆ ಗಾಳಿ ಒಳನುಗ್ಗುವುದೇ ಕಷ್ಟ. ಮುಂಭಾಗ, ಹಿಂಭಾಗ ಎಂದು ಬೇರೆಬೇರೆ ಹೆಣೆದು ಹೊಲಿಯುತ್ತಿರಲಿಲ್ಲ. ಐದಾರು ಕಡ್ಡಿಗಳ ಮೇಲೆ ಸುತ್ತಾಗಿ, ಜೋಡಣೆಯ ಗೆರೆಯೇ ಇಲ್ಲದಂತೆ ಮೇಲೇರಿಸುತ್ತಿದ್ದರು. ಅಂಗಿ ಅಷ್ಟು ಬಿಗಿಯಾದರೆ ಬಲೆ ಎಳೆಯಲು ಕೈ ಎತ್ತುವುದು ಹೇಗೆ? ಅದಕ್ಕಾಗಿ ಕಂಕುಳಲ್ಲಿ ವಜ್ರದಾಕಾರದ ಒಂದು ಪುಟ್ಟ ತುಂಡನ್ನು ಸೇರಿಸಿ ಹೆಣೆಯುತ್ತಿದ್ದರು. ಮೈಯೆಲ್ಲ ಸಡಿಲ ಬಿಡದೆ, ಸಡಿಲ ಬೇಕಾದ ಒಂದೇ ಜಾಗಕ್ಕೆ ಅದನ್ನು ಕೊಡುವ ಜಾಣ್ಮೆ. ತೋಳನ್ನು ಭುಜದಿಂದ ಕೆಳಕ್ಕೆ ಹೆಣೆಯುತ್ತಿದ್ದದ್ದರಿಂದ ಮುಂಗೈ ಸವೆದಾಗ ಅಷ್ಟನ್ನು ಬಿಚ್ಚಿ ಮತ್ತೆ ಹೆಣೆಯಬಹುದಿತ್ತು. ತೋಳು ಮಣಿಕಟ್ಟಿಗಿಂತ ತುಸು ಮೇಲೆಯೇ ನಿಲ್ಲುತ್ತಿತ್ತು, ಉಪ್ಪುನೀರಲ್ಲಿ ನೆನೆದ ಉಣ್ಣೆ ಉಜ್ಜಿ ಚರ್ಮ ಹುಣ್ಣಾಗಬಾರದಲ್ಲ. ಮುಂದೆ ಹಿಂದೆ ಒಂದೇ ವಿನ್ಯಾಸ. ಒಂದು ಕಡೆ ಸವೆದರೆ ತಿರುಗಿಸಿ ತೊಡಬಹುದು. ಕಾರ್ನ್‌ವಾಲಿನ ಪೊಲ್‌ಪೆರೊ ಹಳ್ಳಿಯಲ್ಲಿ ಲೂಯಿಸ್ ಹಾರ್ಡಿಂಗ್ 1860ರ ಸುಮಾರಿಗೆ, ವಿಟ್ಬಿಯಲ್ಲಿ ಫ್ರಾಂಕ್ ಮೆಡೊ ಸಟ್‌ಕ್ಲಿಫ್ ಅನಂತರದ ದಶಕಗಳಲ್ಲಿ ತೆಗೆದ ಫೋಟೊಗಳು ಉಳಿದಿವೆ. ಅಲ್ಲಿನ ಮೀನುಗಾರರ ಎದೆಗೆ ಈ ಹೆಣಿಗೆ ಬಿಗಿದುಕೊಂಡಿದೆ. ಇಂದಿನ ಜಾಹೀರಾತಿನ ಜೋಲುವ ಭುಜ, ಬೆರಳು ಮುಚ್ಚುವ ತೋಳು ಅವುಗಳಲ್ಲಿ ಹುಡುಕಿದರೂ ಸಿಗುವುದಿಲ್ಲ. ಈ ಅಂಗಿಗಳನ್ನು ಹೆಣೆದವರು ಹೆಂಗಸರು. ಹೆರಿಂಗ್ ಮೀನಿನ ದೋಣಿಗಳ ಹಿಂದೆ ಶೆಟ್ಲೆಂಡಿನಿಂದ ಗ್ರೇಟ್ ಯಾರ್ಮತ್‌ವರೆಗೆ ಬಂದರಿನಿಂದ ಬಂದರಿಗೆ ಹೋಗಿ ಮೀನು ಸೀಳಿ ಉಪ್ಪು ಹಾಕುತ್ತಿದ್ದ ಸ್ಕಾಟ್ಲೆಂಡಿನ ಹುಡುಗಿಯರು, ಬಿಡುವು ಸಿಕ್ಕಾಗಲೆಲ್ಲ ನಿಂತಲ್ಲೇ ಹೆಣೆಯುತ್ತಿದ್ದರು. ಕಾರ್ನ್‌ವಾಲಿನಲ್ಲಿ ವ್ಯಾಪಾರಿಗಳಿಗೆ ಕೂಲಿಗೆ ಹೆಣೆದುಕೊಡುವವರೂ ಇದ್ದರು. ಮನೆಯವನಿಗಾಗಿ ಹೆಣೆದದ್ದಿರಲಿ, ಕೂಲಿಗೆ ಹೆಣೆದದ್ದಿರಲಿ, ಅಂಗಿ ಬಿಗಿಯಾಗಿಯೇ ಇರುತ್ತಿತ್ತು. ಹಗ್ಗಕ್ಕೋ ಕೊಕ್ಕೆಗೋ ಸಿಕ್ಕಿಕೊಳ್ಳುವ ಬಟ್ಟೆ ದೋಣಿಯಲ್ಲಿ ಜೀವಕ್ಕೇ ಅಪಾಯ.

ದೊಗಳೆಯಾದದ್ದು ಹೆಚ್ಚು ಬೆಚ್ಚಗಿರುತ್ತದಲ್ಲವೇ ಎಂದು ಯಾರಾದರೂ ಕೇಳಬಹುದು. ಉಣ್ಣೆಯ ಗುಣವನ್ನು ನೋಡಿದರೆ ಉತ್ತರ ಸಿಗುತ್ತದೆ. ಉಣ್ಣೆಯ ಎಳೆ ಸ್ವಭಾವದಿಂದಲೇ ಗುಂಗುರು. ಗುಂಗುರಿನ ನಡುವೆ ಗಾಳಿ ಸಿಕ್ಕಿಕೊಂಡು ಅಲುಗಾಡದೆ ನಿಲ್ಲುತ್ತದೆ, ಆ ನಿಂತ ಗಾಳಿಯೇ ನಮ್ಮನ್ನು ಬೆಚ್ಚಗಿಡುವುದು. ತನ್ನ ತೂಕದ ಸುಮಾರು ಶೇ. 30ರಷ್ಟು ತೇವವನ್ನು ಹೀರಿದರೂ ಉಣ್ಣೆ ಮುಟ್ಟಲು ಒದ್ದೆ ಎನಿಸುವುದಿಲ್ಲ. ಹೆಣಿಗೆಯ ಕುಣಿಕೆ ಎಳೆದತ್ತ ಹಿಗ್ಗಿ ಮತ್ತೆ ಕುಗ್ಗುತ್ತದೆ. ಇವೆಲ್ಲ ಬಿಗಿ ಅಂಗಿಗೂ ದೊಗಳೆ ಅಂಗಿಗೂ ಸಮಾನ. ಆದರೆ ದೊಗಳೆ ಅಂಗಿಯ ಕೆಳಗಿನ ಅಂಚು ತೆರೆದಿರುತ್ತದೆ, ತೊಟ್ಟವರು ಅಲುಗಾಡಿದಂತೆಲ್ಲ ಒಳಗಿನ ಬೆಚ್ಚನೆ ಗಾಳಿ ತಿದಿಯೊತ್ತಿದಂತೆ ಹೊರಬೀಳುತ್ತದೆ, ಹೊರಗಿನ ಗಾಳಿಯನ್ನು ಸಡಿಲ ಕುಣಿಕೆಗಳು ತಡೆಯುವುದಿಲ್ಲ. ಅಂದಮೇಲೆ ದೊಗಳೆ ಸ್ವೆಟರ್ ಸುಖ ಕೊಡುವುದು ಗಾಳಿಯಿಲ್ಲದ ಕಡೆ: ನಾಲ್ಕು ಗೋಡೆಗಳ ಒಳಗೆ, ಮೇಲೊಂದು ಕೋಟು ಇರುವಾಗ, ಅಥವಾ ಚಳಿಯೇ ಸೌಮ್ಯವಾಗಿರುವ ಊರಿನಲ್ಲಿ. ಡಿಸೆಂಬರ್ ರಾತ್ರಿಗಳಲ್ಲಿ 15–16 ಡಿಗ್ರಿಯ ಆಸುಪಾಸಿಗೆ ಇಳಿಯುವ ಬೆಂಗಳೂರಿಗೆ ಅದು ಚೆನ್ನಾಗಿ ಹೊಂದುತ್ತದೆ; ಉತ್ತರ ಸಮುದ್ರದ ದೋಣಿಗೆ ಹೊಂದುವುದಿಲ್ಲ. ಈ ಹಿತಕ್ಕೆ ಮೊದಲು ಬೇಕಾದದ್ದು ಬೆಚ್ಚಗಿನ ಕೋಣೆ ಮತ್ತು ಕೂತು ಓದುವಷ್ಟು ಪುರುಸೊತ್ತು.

ಇಲ್ಲಿ ಐರ್ಲೆಂಡಿನ ಪಶ್ಚಿಮ ಕರಾವಳಿಯ ಆರನ್ ದ್ವೀಪಗಳ ಹೆಸರು ಹೇಳಿ ಆಕ್ಷೇಪ ಎತ್ತುವವರಿದ್ದಾರೆ. ಆ ಕೆನೆಬಣ್ಣದ, ಹಗ್ಗ ಹೆಣೆದಂಥ ವಿನ್ಯಾಸದ ಸ್ವೆಟರ್ ದಪ್ಪ, ಉದಾರ ಅಳತೆಯದು. ಅದು ಪುರಾತನ ಕಾಲದಿಂದ ಬಂದ ಮೀನುಗಾರರ ಉಡುಪು, ಪ್ರತಿ ಮನೆತನಕ್ಕೂ ಒಂದು ವಿನ್ಯಾಸವಿತ್ತು, ಮುಳುಗಿ ಸತ್ತವನನ್ನು ಆ ವಿನ್ಯಾಸ ನೋಡಿಯೇ ಗುರುತಿಸುತ್ತಿದ್ದರು ಎಂಬ ನಂಬಿಕೆ ಗಟ್ಟಿಯಾಗಿದೆ. ಆದರೆ ದಾಖಲೆಗಳು ಹೇಳುವುದು ಬೇರೆಯೇ. ಬಡತನದ ಪಶ್ಚಿಮ ಐರ್ಲೆಂಡಿನ ಸುಧಾರಣೆಗೆಂದು 1891ರಲ್ಲಿ ಸರ್ಕಾರ ಕಂಜೆಸ್ಟೆಡ್ ಡಿಸ್ಟ್ರಿಕ್ಟ್ಸ್ ಬೋರ್ಡ್ ಎಂಬ ಮಂಡಳಿಯನ್ನು ಸ್ಥಾಪಿಸಿತು. ಅದು ಮೀನುಗಾರಿಕೆಗೂ ಮನೆಗೆಲಸದ ಕಸುಬುಗಳಿಗೂ ಉತ್ತೇಜನ ಕೊಟ್ಟಿತು. ಹೊರಗಿನ ಮೀನುಗಾರ ಕುಟುಂಬಗಳ ಗ್ಯಾನ್ಸಿ ಹೆಣಿಗೆಯನ್ನು ಕಂಡು ದ್ವೀಪದ ಹೆಂಗಸರು ಅದನ್ನು ತಮ್ಮದೇ ಬಗೆಯಲ್ಲಿ, ದಪ್ಪ ನೂಲಿನಲ್ಲಿ ಬೆಳೆಸಿದರು. ಅಂದರೆ ಆರನ್ ಸ್ವೆಟರ್ ಇಪ್ಪತ್ತನೆಯ ಶತಮಾನದ ಕೂಸು. 1930ರಲ್ಲಿ ಡಬ್ಲಿನ್ನಿನಲ್ಲಿ ಮ್ಯೂರಿಯಲ್ ಗಹನ್ ತೆರೆದ ಕಂಟ್ರಿ ಶಾಪ್ ಎಂಬ ಅಂಗಡಿ ಈ ಹೆಂಗಸರ ಕೆಲಸಕ್ಕೆ ಮಾರುಕಟ್ಟೆ ಒದಗಿಸಿತು. 1936ರಲ್ಲಿ ಡಬ್ಲಿನ್ನಿನಲ್ಲಿ ಅಂಥದೊಂದು ಸ್ವೆಟರ್ ಕಂಡ ಹೈನ್ಸ್ ಎಡ್ಗರ್ ಕೀವೆ ಎಂಬ ಆಕ್ಸ್‌ಫರ್ಡಿನ ನೂಲು ವ್ಯಾಪಾರಿ, ಅದರ ವಿನ್ಯಾಸಗಳಿಗೂ ಪ್ರಾಚೀನ ಕ್ರೈಸ್ತ ಸನ್ಯಾಸಿಗಳ ಚಿತ್ರಕಲೆಗೂ ನಂಟು ಹಾಕಿ ಬರೆದ. ಆ ಬರಹಗಳಿಗೆ ಸಾಕ್ಷ್ಯವಿಲ್ಲವೆಂದು ರಿಚರ್ಡ್ ರಟ್ 1987ರ ತಮ್ಮ ಕೈಹೆಣಿಗೆಯ ಇತಿಹಾಸದಲ್ಲಿ ತೋರಿಸಿದರು. ಮುಳುಗಿದವನ ಕತೆಯ ಬೇರು ಜೆ. ಎಂ. ಸಿಂಜ್ 1904ರಲ್ಲಿ ರಂಗಕ್ಕೆ ತಂದ ‘ರೈಡರ್ಸ್ ಟು ದಿ ಸೀ’ ನಾಟಕದಲ್ಲಿದೆ. ಅಲ್ಲಿ ತಂಗಿ ಗುರುತಿಸುವುದು ಸ್ವೆಟರನ್ನಲ್ಲ, ತಾನೇ ಹೆಣೆದ ಕಾಲುಚೀಲವನ್ನು. ಗುರುತು ಸಿಗುವುದೂ ಮನೆತನದ ವಿನ್ಯಾಸದಿಂದಲ್ಲ, ಹೆಣೆಯುವಾಗ ತನ್ನ ಕೈತಪ್ಪಿ ಬಿಟ್ಟುಹೋದ ಕುಣಿಕೆಗಳಿಂದ.

ಹೀಗೆ ನೋಡಿದಾಗ ಆರನ್ ಸ್ವೆಟರ್ ನನ್ನ ವಾದವನ್ನು ಮುರಿಯುವುದಿಲ್ಲ, ಬಲಪಡಿಸುತ್ತದೆ. ಅದು ಎಂದೂ ಕಾಣದ, ಅಳತೆ ಗೊತ್ತಿಲ್ಲದ ಗಿರಾಕಿಗೆಂದು ಹೆಣೆದ ಅಂಗಿ. ಅದು ಲೋಕಪ್ರಸಿದ್ಧವಾದದ್ದು ದೋಣಿಯಲ್ಲಲ್ಲ, ವೇದಿಕೆಯ ಮೇಲೆ. ನ್ಯೂಯಾರ್ಕಿನ ಚಳಿಗೆಂದು ತಾಯಿ ಐರ್ಲೆಂಡಿನಿಂದ ಕಳಿಸಿಕೊಟ್ಟ ಸ್ವೆಟರುಗಳನ್ನು ತೊಟ್ಟು ಐರಿಷ್ ಜನಪದ ಗಾಯಕರಾದ ಕ್ಲಾನ್ಸಿ ಸಹೋದರರು 1961ರಲ್ಲಿ ಎಡ್ ಸಲಿವನ್ ಅವರ ಟಿವಿ ಕಾರ್ಯಕ್ರಮದಲ್ಲಿ ಹಾಡಿದರು. ಅಮೆರಿಕದಲ್ಲಿ ಬೇಡಿಕೆ ಏರಿತು. ದ್ವೀಪದ ಹೆಂಗಸರ ಕೌಶಲ ಅಪ್ಪಟವಾದದ್ದು, ಅದಕ್ಕೆ ಎರಡು ಸಾವಿರ ವರ್ಷದ ಸುಳ್ಳು ವಂಶಾವಳಿಯ ಹಂಗು ಬೇಕಿಲ್ಲ. ಇನ್ನೂ ಬೇಸರದ ಸಂಗತಿಯೆಂದರೆ, ಈ ಪುರಾಣ ಹೆಣೆದವರ ಹೆಸರನ್ನೆಲ್ಲ ಅಳಿಸಿ ತೊಟ್ಟ ಗಂಡಸನ್ನಷ್ಟೇ ಉಳಿಸಿಕೊಂಡಿದೆ.

ಹಾಗಾದರೆ ಮೈಗಿಂತ ದೊಡ್ಡ ಸ್ವೆಟರನ್ನು ಬೇಕೆಂದೇ ಮೊದಲು ತೊಟ್ಟವರು ಯಾರು? ದಾರಿ ಆಟದ ಮೈದಾನದಿಂದ ಶುರುವಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ದೋಣಿ ಸ್ಪರ್ಧಿಗಳೂ ಓಟಗಾರರೂ ಆಟದ ಮೊದಲು, ಆಟದ ಅನಂತರ ಬೇರೆ ಬಟ್ಟೆಯ ಮೇಲೆ ದಪ್ಪ ಸ್ವೆಟರ್ ಎಳೆದುಕೊಳ್ಳುತ್ತಿದ್ದರು. ಮೇಲೆ ಹಾಕುವುದೆಂದ ಮೇಲೆ ಅಳತೆ ದೊಡ್ಡದೇ. 1865ರಲ್ಲಿ ಹಾರ್ವರ್ಡಿನ ಬೇಸ್‌ಬಾಲ್ ತಂಡ ಅಂಗಿಯ ಮೇಲೆ ಹೊಲಿಸಿಕೊಂಡ ಎಚ್ ಅಕ್ಷರ ಶತಮಾನದ ಕೊನೆಯ ಹೊತ್ತಿಗೆ ಸ್ವೆಟರಿಗೆ ಬಂತು. ಅಂಥ ಅಕ್ಷರದ ಸ್ವೆಟರನ್ನು ಆಟಗಾರ ತನ್ನ ಗೆಳತಿಗೆ ತೊಡಲು ಕೊಡುವುದು ಅಮೆರಿಕದ ಕಾಲೇಜುಗಳಲ್ಲಿ ವಾಡಿಕೆಯಾಯಿತು. ಇದು ಎರವಲಿನ ಮೊದಲ ಹಂತ. ಅಲ್ಲಿ ಹೆಣ್ಣಿನ ಮೈಮೇಲಿದ್ದರೂ ಸ್ವೆಟರ್ ಗಂಡಿನ ಹೆಸರನ್ನೇ ಹೇಳುತ್ತಿತ್ತು. ಎರಡನೆಯ ಹಂತ ನನಗೆ ಹೆಚ್ಚು ಮುಖ್ಯ. 1930ರ ದಶಕದ ಕೊನೆಯಿಂದ 40ರ ದಶಕದವರೆಗೆ ಅಮೆರಿಕದ ಕಾಲೇಜು ಹುಡುಗಿಯರು ಯಾರೂ ಕೊಡದೆಯೇ ಗಂಡಸರ ಅಳತೆಯ ಸ್ವೆಟರುಗಳನ್ನು ಆರಿಸಿ, ಲಂಗದ ಮೇಲೆ ಸೊಂಟ ದಾಟುವಂತೆ ಇಳಿಬಿಟ್ಟು, ತೋಳನ್ನು ಮೊಣಕೈಗೆ ಸರಿಸಿ ತೊಡತೊಡಗಿದರು. ಸ್ಲಾಪಿ ಜೋ ಎಂದು ಅದಕ್ಕೆ ಹೆಸರು ಬಿತ್ತು, ಶಿಸ್ತಿಲ್ಲದವರೆಂಬ ಬೈಗುಳವೂ ಬಂತು. ಅದೇ ಕಾಲದಲ್ಲಿ ಹಾಲಿವುಡ್ ಇನ್ನೊಂದು ಸ್ವೆಟರನ್ನು ಮೆರೆಸುತ್ತಿತ್ತು. 1937ರ ‘ದೇ ವೋಂಟ್ ಫರ್ಗೆಟ್’ ಚಿತ್ರದಲ್ಲಿ ಲಾನಾ ಟರ್ನರ್ ತೊಟ್ಟ ಬಿಗಿ ಸ್ವೆಟರಿನಿಂದ ಆಕೆಗೆ ಸ್ವೆಟರ್ ಗರ್ಲ್ ಎಂಬ ಬಿರುದೇ ಅಂಟಿತು. ಒಂದು ಸ್ವೆಟರ್ ಮೈಯನ್ನು ಗಂಡಿನ ನೋಟಕ್ಕೆ ಒಡ್ಡುತ್ತಿತ್ತು, ಇನ್ನೊಂದು ಆ ನೋಟಕ್ಕೆ ಮೈಯ ಲೆಕ್ಕವೇ ಸಿಗದಂತೆ ಮಾಡುತ್ತಿತ್ತು. ಎರಡೂ ಅಂಗಡಿಯಲ್ಲಿ ಸಿಗುತ್ತಿದ್ದ ಹೊತ್ತಿನಲ್ಲಿ ಹುಡುಗಿಯರು ದೊಡ್ಡದನ್ನು ಆರಿಸಿಕೊಂಡದ್ದನ್ನು ಆಲಸ್ಯವೆಂದು ತಳ್ಳಿಹಾಕಲು ನಾನು ಒಪ್ಪಲಾರೆ. ದೊಗಳೆ ಸ್ವೆಟರಿನ ಹಿತದಲ್ಲಿ ಉಣ್ಣೆಯ ಪಾಲು ಎಷ್ಟೋ, ಯಾರೂ ತನ್ನನ್ನು ಅಳೆಯುತ್ತಿಲ್ಲ ಎಂಬ ನಿರಾಳದ ಪಾಲೂ ಅಷ್ಟೇ.

ಬಡವರ ಮನೆಯ ಮಕ್ಕಳು ದೊಗಳೆ ಬಟ್ಟೆ ತೊಟ್ಟೇ ಬೆಳೆದವರಲ್ಲವೇ, ಇದರಲ್ಲಿ ಹೊಸದೇನು ಎಂಬ ಪ್ರಶ್ನೆ ನ್ಯಾಯವಾದದ್ದು. ನಮ್ಮಲ್ಲೂ ಮಕ್ಕಳಿಗೆ ಸ್ವೆಟರ್ ಹೆಣೆಯುವ ತಾಯಂದಿರು ಬರುವ ಎರಡು ಚಳಿಗಾಲಕ್ಕಾದರೂ ಆಗಲೆಂದು ನಾಲ್ಕು ಬೆರಳು ಹೆಚ್ಚಿಟ್ಟೇ ಹೆಣೆಯುತ್ತಾರೆ, ಅಣ್ಣನದು ತಮ್ಮನಿಗೆ ಬರುತ್ತದೆ. ಆದರೆ ಆ ಸಡಿಲ ಒಂದು ದಿನ ತುಂಬಿಕೊಳ್ಳಲೆಂದು ಇಟ್ಟದ್ದು. ಮಗು ಬೆಳೆದು ಅಂಗಿ ಸರಿಹೊಂದಿದಾಗಲೇ ತಾಯಿಗೆ ಸಮಾಧಾನ. ಬೇಕೆಂದೇ ದೊಡ್ಡದನ್ನು ಆರಿಸುವುದು ಬೇರೆ ಮಾತು. ಆದರೂ ಇವೆರಡರ ನಡುವೆ ಒಂದು ದಾರಿಯಿದೆ, ಅದನ್ನು ಎರಡನೆಯ ಮಹಾಯುದ್ಧಾನಂತರದ ಪ್ಯಾರಿಸ್ಸಿನಲ್ಲಿ ಕಾಣಬಹುದು. ಗಾಯಕಿ ಜೂಲಿಯೆತ್ ಗ್ರೆಕೊ ಆಗ ಬಟ್ಟೆಗೂ ಗತಿಯಿಲ್ಲದೆ ಗೆಳೆಯರು ಕೊಟ್ಟ ಗಂಡಸರ ಉಡುಪುಗಳನ್ನು ಮಡಚಿ ತೊಡುತ್ತಿದ್ದಳು. ಸೇನ್ ನದಿಯ ಎಡದಂಡೆಯ ಕೆಫೆಗಳಲ್ಲಿ ಆ ಕೊರತೆಯೇ ಒಂದು ಶೈಲಿಯಾಯಿತು, ಕೊರತೆ ನೀಗಿದ ಮೇಲೂ ಉಳಿಯಿತು. 1993ರ ನವೆಂಬರಿನಲ್ಲಿ ಎಂಟಿವಿಯ ಅನ್‌ಪ್ಲಗ್ಡ್ ಕಾರ್ಯಕ್ರಮಕ್ಕೆ ರಾಕ್ ಗಾಯಕ ಕರ್ಟ್ ಕೊಬೈನ್ ತೊಟ್ಟು ಬಂದದ್ದೂ ಮುದುಕರು ತೊಡುವಂಥ ಒಂದು ಹಳೆಯ ಹಸಿರು ಕಾರ್ಡಿಗನ್. ಹಳೆ ಬಟ್ಟೆಯಂಗಡಿಯ ಉಡುಪಿಗೆ ಹೆಸರಾಗಿದ್ದ ಆತನ ಆ ಕಾರ್ಡಿಗನ್, ಸಿಗರೇಟಿನ ಸುಟ್ಟ ಕಲೆ ಸಹಿತ, 2019ರ ಹರಾಜಿನಲ್ಲಿ 3,34,000 ಡಾಲರಿಗೆ ಹೋಯಿತು.

ಇನ್ನುಳಿದ ಆಕ್ಷೇಪ ಕಾರ್ಖಾನೆಯದು: ಹತ್ತು ಅಳತೆಗೆ ಬದಲು ಮೂರೇ ಅಳತೆ ಹೆಣೆದು ಎಲ್ಲರಿಗೂ ಮಾರಬಹುದು, ಆದ್ದರಿಂದ ದೊಗಳೆ ಫ್ಯಾಷನ್ ತಯಾರಕರೇ ಹಬ್ಬಿಸಿದ ಅನುಕೂಲ ಎಂಬುದು. ಅನುಕೂಲವೇನೋ ಹೌದು. ಭುಜದ ಆಕಾರ ಕೊಡದೆ ಆಯತದ ತುಂಡುಗಳನ್ನು ಜೋಡಿಸಿದರೆ ಭುಜ ತಾನಾಗಿ ತೋಳಿಗೆ ಇಳಿಯುತ್ತದೆ, ಕೆಲಸವೂ ಹಗುರ. ಆದರೆ ಕಾಲದ ಕ್ರಮ ಈ ವಾದಕ್ಕೆ ಒಗ್ಗುವುದಿಲ್ಲ. ಹುಡುಗಿಯರು ಅಣ್ಣಂದಿರ ಅಳತೆಯನ್ನು ಕೊಂಡದ್ದು ಮೊದಲು, ಅವರಿಗೆಂದೇ ದೊಡ್ಡದನ್ನು ಹೆಣೆದು ಅಂಗಡಿಯಲ್ಲಿಟ್ಟದ್ದು ಅನಂತರ. ಯಂತ್ರದಿಂದ ದೊಗಳೆತನವನ್ನು ಕಲೆಯ ಮಟ್ಟಕ್ಕೆ ಏರಿಸಿದ ಜಪಾನಿನ ವಸ್ತ್ರವಿನ್ಯಾಸಕಿ ರೇ ಕವಾಕುಬೊ ಕೂಡ ಕಾರ್ಖಾನೆಯ ಅನುಕೂಲದ ವಿರುದ್ಧವೇ ಹೋದವರು. 1982ರ ಸಂಗ್ರಹಕ್ಕಾಗಿ ಅವರು ಹೆಣಿಗೆ ಯಂತ್ರದ ತಿರುಪುಗಳನ್ನು ಸಡಿಲಿಸಿ, ಅಲ್ಲಲ್ಲಿ ಕುಣಿಕೆ ತಪ್ಪಿ ತೂತು ಬೀಳುವಂಥ ಕಪ್ಪು ಸ್ವೆಟರುಗಳನ್ನು ಮಾಡಿಸಿದರು.

ಇಂದಿನ ತೊಡುವ ರೀತಿಗಳಲ್ಲಿ ಈ ಎರವಲಿನ ಗುರುತು ಇನ್ನೂ ಇದೆ. ಮೇಲೆ ದೊಗಳೆಯಿದ್ದರೆ ಕೆಳಗೆ ಮೈಗಂಟಿದ ಲೆಗಿಂಗ್ಸೋ ಜೀನ್ಸೋ ಇರಬೇಕೆಂಬ ನಿಯಮ, ಮುಂದಿನ ಅಂಚನ್ನಷ್ಟೇ ಸೊಂಟಕ್ಕೆ ಸಿಕ್ಕಿಸುವುದು, ಒಳಗಿನ ಅಂಗಿಯ ಕಾಲರನ್ನು ಕತ್ತಿನಿಂದ ಹೊರಗೆಳೆಯುವುದು, ಮುಂಗೈಯನ್ನು ಎರಡು ಮಡಿಕೆ ಮಡಚುವುದು, ಇವೆಲ್ಲ ದೊಡ್ಡ ಅಂಗಿಯ ಒಳಗೊಂದು ಬೇರೆಯದೇ ಮೈ ಇದೆಯೆಂದು ತೋರಿಸುವ ಉಪಾಯಗಳು. ಭುಜವೂ ತೋಳೂ ಸರಿಯಾಗಿ ಕೂತರೆ ಈ ಯಾವ ಉಪಾಯವೂ ಬೇಕಾಗುವುದಿಲ್ಲ. ಈಗ ಈ ಸಡಿಲಕ್ಕೂ ಅಳತೆಯಿದೆ: ಅಮೆರಿಕದ ಕ್ರಾಫ್ಟ್ ಯಾರ್ನ್ ಕೌನ್ಸಿಲ್ ಹೆಣೆಯುವವರಿಗೆ ಕೊಡುವ ಪಟ್ಟಿಯ ಪ್ರಕಾರ ಎದೆಯ ಸುತ್ತಳತೆಗಿಂತ 4ರಿಂದ 6 ಇಂಚು ಹೆಚ್ಚಿದ್ದರೆ ಸಡಿಲ, 6 ಇಂಚು ದಾಟಿದರೆ ದೊಗಳೆ. ಅದೇ ಪಟ್ಟಿಯಲ್ಲಿ ಎದೆಯಳತೆಗೆ ಸಮನಾದದ್ದು ಅಥವಾ ಅದಕ್ಕಿಂತ ಕಡಿಮೆಯದು ಮೈಗಂಟಿದ ಹೆಣಿಗೆ, ಪೊಲ್‌ಪೆರೊದ ಮೀನುಗಾರ ದೋಣಿ ಹತ್ತುವಾಗ ತೊಡುತ್ತಿದ್ದ ಬಗೆ.