ಕಾಲು ಊತ: ಬಿಪಿ ಮಾತ್ರೆಯದ್ದೋ, ಹೃದಯದ್ದೋ?

ಬಾಶೆಟ್ಟಿಹಳ್ಳಿ: ಕಾರ್ಖಾನೆಯಲ್ಲಿ ದಿನವಿಡೀ ನಿಂತು ಕೆಲಸ ಮಾಡುವವರಿಗೆ ಸಂಜೆ ಹೊತ್ತಿಗೆ ಕಾಲು ಊದಿಕೊಳ್ಳೋದು ಹೊಸದೇನಲ್ಲ. ಆದರೆ ಬಿಪಿ ಮಾತ್ರೆ ಶುರು ಮಾಡಿದ ಮೇಲೆ ಊತ ಬಂದರೆ ಕೆಲವರು ತಾವೇ ಮಾತ್ರೆ ನಿಲ್ಲಿಸಿಬಿಡ್ತಾರೆ. ಇನ್ನು ಕೆಲವರು ‘ಮಾತ್ರೆಯಿಂದ ಬಂದಿದ್ದು ಬಿಡಿ’ ಅಂತ ಸುಮ್ಮನಾಗ್ತಾರೆ. ಎರಡೂ ಅಪಾಯವೇ.

ಬಿಪಿಗೆ ಸಾಮಾನ್ಯವಾಗಿ ಕೊಡುವ ಅಮ್ಲೋಡಿಪಿನ್ ಸಣ್ಣ ರಕ್ತನಾಳಗಳನ್ನು ಸಡಿಲ ಮಾಡುತ್ತೆ. ಆಗ ನೀರಿನಂಶ ಹೊರಗೆ ಸೋರಿ ಪಾದ, ಹಿಮ್ಮಡಿ ಸುತ್ತ ನಿಲ್ಲುತ್ತೆ. 5 ಮಿ.ಗ್ರಾಂಗಿಂತ 10 ಮಿ.ಗ್ರಾಂ ತಗೊಳ್ಳೋರಲ್ಲಿ ಇದು ಜಾಸ್ತಿ. ಸಂಜೆ ಹೆಚ್ಚಿ, ರಾತ್ರಿ ಮಲಗೆದ್ದರೆ ಕಡಿಮೆಯಾಗುತ್ತೆ. ನೀರಿಳಿಸುವ ಮಾತ್ರೆ ಕೊಟ್ಟರೂ ಅಷ್ಟಾಗಿ ಇಳಿಯಲ್ಲ, ಡೋಸ್ ತಗ್ಗಿಸಿದರೆ ಇಳಿಯುತ್ತೆ. ವೈದ್ಯರಿಗೆ ಅದೇ ಸುಳಿವು.

ಹೃದಯ ಸೋತಾಗಲೂ ಎರಡೂ ಕಾಲು ಊದುತ್ತೆ. ಆದರೆ ಜೊತೆಗೆ ಮೆಟ್ಟಿಲು ಹತ್ತಿದರೆ ಏದುಸಿರು, ಅಂಗಾತ ಮಲಗಲು ಆಗದೆ ಎರಡು ದಿಂಬು, ನಡುರಾತ್ರಿ ಉಸಿರು ಕಟ್ಟಿ ಎದ್ದು ಕೂರೋದು, ಎರಡು ಮೂರು ದಿನದಲ್ಲೇ 2 ಕೆ.ಜಿ. ತೂಕ ಏರೋದು ಕಾಣುತ್ತೆ.

ಕೆಮ್ಮಿನ ಕಥೆಯೂ ಹೀಗೇ. ಎನಾಲಪ್ರಿಲ್, ರಾಮಿಪ್ರಿಲ್ ತಗೊಳ್ಳೋ ಕೆಲವರಿಗೆ ಒಣಕೆಮ್ಮು ಬರುತ್ತೆ. ವೈದ್ಯರು ಮಾತ್ರೆ ಬದಲಿಸಿದ ಮೇಲೆ ಸಾಮಾನ್ಯವಾಗಿ ಒಂದರಿಂದ ನಾಲ್ಕು ವಾರದಲ್ಲಿ ನಿಲ್ಲುತ್ತೆ. ಮಲಗಿದಾಗಲೇ ಜಾಸ್ತಿಯಾಗಿ, ಉಸಿರೂ ಹಿಡಿದರೆ ಹೃದಯ ನೋಡಿಸಲೇಬೇಕು.

ಹೆಚ್ಚು ಗಮನಿಸಬೇಕಾದ್ದು ನೋವಿನ ಮಾತ್ರೆ. ಸೊಂಟನೋವಿಗೆ ಅಂತ ಚೀಟಿ ಇಲ್ಲದೆ ಮೆಡಿಕಲ್ ಸ್ಟೋರ್‌ನಲ್ಲಿ ಕೇಳಿ ತಗೊಳ್ಳೋ ಡೈಕ್ಲೋಫೆನಾಕ್, ಐಬುಪ್ರೊಫೆನ್ ದೇಹದಲ್ಲಿ ಉಪ್ಪು, ನೀರು ಉಳಿಯುವಂತೆ ಮಾಡುತ್ತವೆ. ಗಟ್ಟಿ ಹೃದಯ ಇದನ್ನು ತಡೆದುಕೊಳ್ಳಬಹುದು, ಮೊದಲೇ ಸೋತದ್ದು ತಡೆಯಲ್ಲ. ಹಾಗಾಗಿ ಇವನ್ನು ನುಂಗಿದ ಮೇಲೆ ಕಾಲು ಊದಿ ಉಸಿರೂ ಹಿಡಿದರೆ, ಅಲ್ಲಿಯವರೆಗೆ ಗೊತ್ತೇ ಆಗದಿದ್ದ ಹೃದಯದ ತೊಂದರೆ ಈಗ ಹೊರಬಿದ್ದಿರಬಹುದು. ಶುಗರ್‌ಗೆ ಕೊಡುವ ಪಿಯೋಗ್ಲಿಟಜೋನ್ ಕೂಡ ಇದೇ ಸಾಲಿಗೆ ಸೇರುತ್ತೆ. ಕಿಡ್ನಿ ತೊಂದರೆಯಲ್ಲೂ ಹೀಗಾಗೋದರಿಂದ ರಕ್ತ, ಮೂತ್ರ ಪರೀಕ್ಷೆಯೂ ಬೇಕು. ಹೃದಯದ ಶಕ್ತಿ ತಿಳಿಯೋಕೆ ಇಸಿಜಿ ಒಂದೇ ಸಾಲದು, ಎಕೋ ಮಾಡಿಸಬೇಕಾಗುತ್ತೆ.

ಆಸ್ಪತ್ರೆಗೆ ಹೋಗುವಾಗ ‘ಬಿಳಿ ಮಾತ್ರೆ, ಸಣ್ಣದು’ ಅಂದರೆ ಯಾರಿಗೂ ಅರ್ಥವಾಗಲ್ಲ. ನೋವಿನ ಮಾತ್ರೆ, ನಾಟಿ ಔಷಧಿ ಸೇರಿ ಎಲ್ಲವನ್ನೂ ಸ್ಟ್ರಿಪ್ ಸಮೇತ ಒಯ್ಯಿರಿ. ಯಾವುದು ಯಾವತ್ತು ಶುರುವಾಯ್ತು, ಊತ ಯಾವತ್ತು ಬಂತು ಅಂತ ಬರೆದಿಟ್ಟುಕೊಳ್ಳಿ. ಅಟೆನೊಲಾಲ್ ಥರದ ಮಾತ್ರೆಯನ್ನಂತೂ ಕೇಳದೆ ಹಠಾತ್ತನೆ ಬಿಡಬೇಡಿ, ಹೃದ್ರೋಗ ಇರುವವರಲ್ಲಿ ಎದೆನೋವು ಮರುಕಳಿಸಬಹುದು. ಎದೆ ಹಿಂಡಿದಂತಾಗಿ ಬೆವರು ಬಂದರೆ ಮಾತ್ರೆಯ ಲೆಕ್ಕ ಹಾಕುತ್ತಾ ಕೂರದೆ 108ಕ್ಕೆ ಕರೆ ಮಾಡಿ.