‘ಐ7, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್’: ಅಗ್ಗದ ಗೇಮಿಂಗ್ ಪಿಸಿ ಫಾರ್ವರ್ಡ್‌ಗಳಲ್ಲಿ ನಿಜವೆಷ್ಟು?

‘ಐ7 ಪ್ರೊಸೆಸರ್, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್ ಕಾರ್ಡ್, ಬಣ್ಣದ ಲೈಟ್ ಇರುವ ಕ್ಯಾಬಿನೆಟ್. ಎಲ್ಲ ಗೇಮ್ ಓಡುತ್ತೆ. ಸ್ಟಾಕ್ ಕಡಿಮೆ ಇದೆ, ಇವತ್ತೇ ಬುಕ್ ಮಾಡಿ!’ ಈ ಧಾಟಿಯ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಇವುಗಳಲ್ಲಿ ಹೆಚ್ಚಿನವು ಪೂರ್ತಿ ಸುಳ್ಳಲ್ಲ. ಬರೆದಿರುವ ಅಂಕಿಗಳೆಲ್ಲ ನಿಜವೇ ಇರಬಹುದು. ಆದರೆ ಆಟ ಓಡುವುದು ಆ ಅಂಕಿಗಳಿಂದಲ್ಲ ಎನ್ನುವುದೇ ತೊಂದರೆ.

ಹಣದ ಲೆಕ್ಕ ನೋಡೋಣ. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲ್‌ಗೆ 12,100 ರೂಪಾಯಿ ಬೆಂಬಲ ಬೆಲೆ ಗೊತ್ತುಮಾಡಿತ್ತು. ಆ ಲೆಕ್ಕದಲ್ಲಿ 60 ಸಾವಿರದ ಕಂಪ್ಯೂಟರ್ ಎಂದರೆ ಸುಮಾರು ಐದು ಕ್ವಿಂಟಲ್ ಕೊಬ್ಬರಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಮನೆಗಳಲ್ಲಿ ಆ ಕೊಬ್ಬರಿ ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿ ದುಡ್ಡಾಗಬೇಕು. ಅದೇ ಕಂಪ್ಯೂಟರಿನಲ್ಲಿ ಮಕ್ಕಳ ಓದು, ಪ್ರಾಜೆಕ್ಟ್ ಕೆಲಸವೂ ನಡೆಯಬೇಕು. ಹಾಗಾಗಿ ಬಿಡಿಭಾಗಗಳನ್ನು ನಾವೇ ಆರಿಸಿ ಜೋಡಿಸಿಕೊಳ್ಳುವಾಗ ಯಾವ ಮಾತು ನಂಬಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಒಂದೊಂದಾಗಿ ನೋಡೋಣ.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ

ಯಾವ ಆಟ ಆಡಬೇಕು? ಯಾವ ಪರದೆಯ ಮೇಲೆ? ಈ ಎರಡಕ್ಕೆ ಉತ್ತರ ಇಲ್ಲದೆ ಅಂಗಡಿಗೆ ಹೋಗಬೇಡಿ.

ವ್ಯಾಲರಂಟ್, ಮೈನ್‌ಕ್ರಾಫ್ಟ್, ಜಿಟಿಎ 5ನಂತಹ ಆಟಗಳಿಗೆ ಸಾಧಾರಣ ಯಂತ್ರ ಸಾಕು. ಈಚಿನ ದೊಡ್ಡ ಆಟಗಳಿಗೆ ಸಾಲದು. ಬಿಜಿಎಂಐ ಆಡಲೆಂದೇ ಪಿಸಿ ಕೊಳ್ಳುವವರು ನೆನಪಿಡಿ: ಅದು ಮೊಬೈಲ್‌ನ ಆಟ, ಅದಕ್ಕೆ ಅಧಿಕೃತ ಪಿಸಿ ಆವೃತ್ತಿ ಇಲ್ಲ.

ಪರದೆಯದ್ದು ಬರೀ ಗುಣಾಕಾರ. ಫುಲ್ ಎಚ್‌ಡಿ ಪರದೆಯಲ್ಲಿ 1920 × 1080, ಅಂದರೆ ಸುಮಾರು 20.7 ಲಕ್ಷ ಚುಕ್ಕೆಗಳಿರುತ್ತವೆ. 4ಕೆ ಪರದೆಯಲ್ಲಿ ಸುಮಾರು 83 ಲಕ್ಷ. ಗ್ರಾಫಿಕ್ಸ್ ಕಾರ್ಡ್ ಅಷ್ಟೂ ಚುಕ್ಕೆಗಳನ್ನು ಸೆಕೆಂಡಿಗೆ 60 ಸಲ ಹೊಸದಾಗಿ ಬಿಡಿಸಬೇಕು. 4ಕೆಗೆ ಹೋದರೆ ನಾಲ್ಕು ಪಟ್ಟು ಚುಕ್ಕೆ. ಬಜೆಟ್ ಕಡಿಮೆ ಇದ್ದಾಗ ಫುಲ್ ಎಚ್‌ಡಿ ಪರದೆಯೇ ಸರಿಯಾದ ಆಯ್ಕೆ.

ಹೇಳಿಕೆ 1: ಐ7 ಯಾವಾಗಲೂ ಐ3ಗಿಂತ ಮೇಲು

ಒಂದೇ ತಲೆಮಾರಿನಲ್ಲಿ ಮಾತ್ರ ನಿಜ. ಐ3, ಐ5, ಐ7 ಎನ್ನುವುದು ದರ್ಜೆಯ ಹೆಸರು. ಅದರ ಮುಂದಿನ ಸಂಖ್ಯೆ ತಲೆಮಾರು ಹೇಳುತ್ತದೆ. ಐ7-4770 ಬಂದದ್ದು 2013ರಲ್ಲಿ. ಐ3-12100ಎಫ್ ಬಂದದ್ದು 2022ರಲ್ಲಿ. ಎರಡರಲ್ಲೂ ನಾಲ್ಕು ಕೋರ್, ಎಂಟು ಥ್ರೆಡ್. ಎಣಿಕೆ ಒಂದೇ ಆದರೂ ಹೊಸ ಐ3 ಪ್ರತಿ ಬಡಿತಕ್ಕೆ ಮಾಡುವ ಕೆಲಸ ಹೆಚ್ಚು, ಹಾಗಾಗಿ ಆಟಗಳಲ್ಲಿ ಅದೇ ಸಲೀಸಾಗಿ ಮುಂದೆ ಹೋಗುತ್ತದೆ.

ಹಳೆಯ ಐ7ಗೆ ಇನ್ನೊಂದು ತೊಡಕಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನ 8ನೇ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರ್ ಬೇಕು, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಇರಬೇಕು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ರಲ್ಲಿ ವ್ಯಾಲರಂಟ್ ಆಡಲು ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎರಡೂ ಆನ್ ಆಗಿರಲೇಬೇಕು. ಹಳೆಯ ಯಂತ್ರಕ್ಕೆ ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಿಕೊಟ್ಟಿದ್ದರೆ ಅಂಗಡಿಯಲ್ಲಿ ಎಲ್ಲ ಸರಿಯಾಗಿ ಕಾಣುತ್ತದೆ, ಮನೆಗೆ ಬಂದು ಆಟ ತೆರೆದಾಗ ಬಣ್ಣ ಬಯಲಾಗುತ್ತದೆ.

ಹೆಸರಿನ ಕೊನೆಯ ಅಕ್ಷರವನ್ನೂ ಓದಿ. ಇಂಟೆಲ್‌ನಲ್ಲಿ ‘ಎಫ್’ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ ಎಂದರ್ಥ. ಬೇರೆ ಕಾರ್ಡ್ ಹಾಕದಿದ್ದರೆ ಪರದೆಯಲ್ಲಿ ಏನೂ ಬರುವುದಿಲ್ಲ. ಎಎಂಡಿಯ 5600ಜಿಯಂತಹ ಹೆಸರಿನಲ್ಲಿ ‘ಜಿ’ ಇದ್ದರೆ ಗ್ರಾಫಿಕ್ಸ್ ಒಳಗೇ ಇದೆ.

ಹೇಳಿಕೆ 2: 4 ಜಿಬಿ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಎಲ್ಲ ಗೇಮ್ ಓಡುತ್ತೆ

ಹೆಚ್ಚು ಜನ ಮೋಸ ಹೋಗುವುದು ಇಲ್ಲಿ. ‘4 ಜಿಬಿ’ ಎನ್ನುವುದು ಕಾರ್ಡಿನ ಮೆಮೊರಿಯ ಅಳತೆ, ಅದರ ಶಕ್ತಿಯ ಅಳತೆ ಅಲ್ಲ. ದೊಡ್ಡ ತೊಟ್ಟಿಗೆ ಸಣ್ಣ ಕೊಳವೆ ಹಾಕಿದರೆ ತೋಟಕ್ಕೆ ನೀರು ತೊಟ್ಟಿಕ್ಕುತ್ತದೆಯೇ ಹೊರತು ಹರಿಯುವುದಿಲ್ಲ.

ಜಿಟಿ 730 ಎಂಬ ಕಾರ್ಡ್ 2014ರದ್ದು. ಅದರ 64 ಬಿಟ್ ಡಿಡಿಆರ್3 ಮಾದರಿಯ ಮೆಮೊರಿ ಸೆಕೆಂಡಿಗೆ ಸುಮಾರು 14.4 ಜಿಬಿ ಮಾಹಿತಿ ಸಾಗಿಸುತ್ತದೆ. 2019ರ ಜಿಟಿಎಕ್ಸ್ 1650 ಕೂಡ 4 ಜಿಬಿ ಕಾರ್ಡೇ, ಆದರೆ ಅದರ ಜಿಡಿಡಿಆರ್5 ಮಾದರಿ ಸೆಕೆಂಡಿಗೆ 128 ಜಿಬಿ ಸಾಗಿಸುತ್ತದೆ. ಫಾರ್ವರ್ಡ್‌ನಲ್ಲಿ ಎರಡೂ ‘4 ಜಿಬಿ ಗ್ರಾಫಿಕ್ಸ್’, ಕೊಳವೆಯ ಅಳತೆಯಲ್ಲಿ ಸುಮಾರು ಒಂಬತ್ತು ಪಟ್ಟು ವ್ಯತ್ಯಾಸ! ಜಿಟಿ 730ರಲ್ಲಿ ಹಗುರ ಆಟಗಳು ಒಂದಷ್ಟು ಓಡಿಯಾವು. ‘ಎಲ್ಲ ಗೇಮ್’ ಎನ್ನುವುದು ಸಲ್ಲದ ಮಾತು.

ಆದ್ದರಿಂದ ಕೇಳಬೇಕಾದ್ದು ‘ಎಷ್ಟು ಜಿಬಿ’ ಎಂದಲ್ಲ, ‘ಯಾವ ಮಾಡೆಲ್’ ಎಂದು. ಮಾಡೆಲ್ ಹೆಸರನ್ನೂ ನಿಮ್ಮ ಆಟದ ಹೆಸರನ್ನೂ ಯೂಟ್ಯೂಬ್‌ನಲ್ಲಿ ಹಾಕಿ ಹುಡುಕಿದರೆ ಎಷ್ಟು ಎಫ್‌ಪಿಎಸ್ ಬರುತ್ತದೆ ಎಂದು ಕಾಣುತ್ತದೆ. ಫುಲ್ ಎಚ್‌ಡಿಯಲ್ಲಿ ಈಚಿನ ಆಟಗಳನ್ನೂ ಆಡಬೇಕೆಂದರೆ ರೇಡಿಯಾನ್ ಆರ್‌ಎಕ್ಸ್ 6600 ದರ್ಜೆಯ 8 ಜಿಬಿ ಕಾರ್ಡ್ ಒಳ್ಳೆಯ ಆರಂಭ.

ಅಷ್ಟು ದುಡ್ಡು ಈಗ ಇಲ್ಲವೇ? ರೈಜೆನ್ 5 5600ಜಿಯಂತಹ, ಒಳಗೇ ಗ್ರಾಫಿಕ್ಸ್ ಇರುವ ಪ್ರೊಸೆಸರ್ ಹಾಕಿಸಿ. ಹಗುರ ಆಟಗಳು ನಡೆಯುತ್ತವೆ. ಮುಂದೆ ಕೈಯಲ್ಲಿ ಕಾಸು ಬಂದಾಗ ಕಾರ್ಡ್ ಸೇರಿಸಬಹುದು. ಕೆಲಸಕ್ಕೆ ಬಾರದ ಹಳೆಯ ಕಾರ್ಡಿಗೆ ಈಗಲೇ ದುಡ್ಡು ಸುರಿಯುವುದಕ್ಕಿಂತ ಇದು ಜಾಣತನ.

ಹೇಳಿಕೆ 3: ರ‍್ಯಾಮ್ ಜಾಸ್ತಿ ಆದಷ್ಟೂ ಸ್ಪೀಡ್

ಸಾಕಷ್ಟು ಆಗುವವರೆಗೆ ಮಾತ್ರ. ಇಂದಿನ ಆಟಗಳಿಗೆ 16 ಜಿಬಿ ಸಾಮಾನ್ಯವಾಗಿ ಸಾಕು. 32 ಜಿಬಿ ಹಾಕಿದ ಮಾತ್ರಕ್ಕೆ ಎಫ್‌ಪಿಎಸ್ ಎರಡು ಪಟ್ಟಾಗುವುದಿಲ್ಲ.

ಅದಕ್ಕಿಂತ ಮುಖ್ಯವಾದದ್ದು 16 ಜಿಬಿಯ ಒಂದೇ ಪಟ್ಟಿಯೋ, 8 ಜಿಬಿಯ ಎರಡು ಪಟ್ಟಿಯೋ ಎಂಬುದು. ಡಿಡಿಆರ್4-3200 ರ‍್ಯಾಮ್ ಒಂದೇ ಪಟ್ಟಿಯಾದರೆ ಸೆಕೆಂಡಿಗೆ 25.6 ಜಿಬಿ ಸಾಗಿಸಬಲ್ಲದು. ಎರಡು ಪಟ್ಟಿಗಳನ್ನು ಸರಿಯಾದ ಸ್ಲಾಟ್‌ಗಳಲ್ಲಿ ಹಾಕಿದರೆ 51.2 ಜಿಬಿ. ಒಳಗೇ ಗ್ರಾಫಿಕ್ಸ್ ಇರುವ ಪ್ರೊಸೆಸರ್‌ಗೆ ಇದರಿಂದ ದೊಡ್ಡ ಲಾಭ, ಏಕೆಂದರೆ ಅದು ಚಿತ್ರ ಬಿಡಿಸಲೂ ಇದೇ ರ‍್ಯಾಮ್ ಬಳಸುತ್ತದೆ.

ಡಿಡಿಆರ್4 ಪಟ್ಟಿ ಡಿಡಿಆರ್5 ಬೋರ್ಡಿಗೆ ಕೂರುವುದಿಲ್ಲ. ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್ ಈ ಮೂರು ಒಂದಕ್ಕೊಂದು ಹೊಂದಬೇಕು. ಇನ್ನು, 2025ರ ಕೊನೆಯಿಂದ ರ‍್ಯಾಮ್ ಬೆಲೆ ಜಗತ್ತಿನಾದ್ಯಂತ ಜೋರಾಗಿ ಏರಿದೆ. ಎಐ ಕೇಂದ್ರಗಳು ಮೆಮೊರಿ ಚಿಪ್‌ಗಳನ್ನು ದೊಡ್ಡ ಪ್ರಮಾಣದಲ್ಲಿ ಕೊಳ್ಳುತ್ತಿರುವುದು ಇದಕ್ಕೆ ಮುಖ್ಯ ಕಾರಣ. ಆದ್ದರಿಂದ ಹಳೆಯ ಫಾರ್ವರ್ಡ್‌ನ ಬೆಲೆಪಟ್ಟಿ ಹಿಡಿದು ಅಂಗಡಿಗೆ ಹೋಗಬೇಡಿ.

ಹೇಳಿಕೆ 4: ಎಸ್‌ಎಸ್‌ಡಿ ಹಾಕಿದರೆ ಎಫ್‌ಪಿಎಸ್ ಏರುತ್ತೆ

ಬಹುಮಟ್ಟಿಗೆ ತಪ್ಪು. ಎಸ್‌ಎಸ್‌ಡಿಯಿಂದ ಕಂಪ್ಯೂಟರ್ ಬೇಗ ಆನ್ ಆಗುತ್ತದೆ, ಆಟ ಬೇಗ ತೆರೆದುಕೊಳ್ಳುತ್ತದೆ. ತೆರೆದ ಮೇಲೆ ಎಷ್ಟು ನಯವಾಗಿ ಓಡುತ್ತದೆ ಎನ್ನುವುದು ಗ್ರಾಫಿಕ್ಸ್ ಮತ್ತು ಪ್ರೊಸೆಸರ್ ಕೆಲಸ. ಹಾಗೆಂದು ಎಸ್‌ಎಸ್‌ಡಿ ಬಿಡಬೇಡಿ. ‘1000 ಜಿಬಿ ಹಾರ್ಡ್ ಡಿಸ್ಕ್’ ಎಂಬ ದೊಡ್ಡ ಅಂಕಿಗಿಂತ 500 ಜಿಬಿ ಎಸ್‌ಎಸ್‌ಡಿ ದಿನನಿತ್ಯಕ್ಕೆ ಹೆಚ್ಚು ಸುಖ.

ಹೇಳಿಕೆ 5: ಎಸ್‌ಎಂಪಿಎಸ್ ಯಾವುದಾದರೂ ನಡೆಯುತ್ತೆ

ಇದು ಅಪಾಯದ ಮಾತು. ಕರೆಂಟನ್ನು ಎಲ್ಲ ಭಾಗಗಳಿಗೂ ಹಂಚುವುದು ಎಸ್‌ಎಂಪಿಎಸ್. ಅದು ಕೆಟ್ಟಾಗ ಬೋರ್ಡನ್ನೋ ಕಾರ್ಡನ್ನೋ ಜೊತೆಗೆ ಸುಡಬಹುದು. ಕ್ಯಾಬಿನೆಟ್ ಜೊತೆ ಉಚಿತವಾಗಿ ಬರುವ ಹೆಸರಿಲ್ಲದ ಡಬ್ಬಿಗಳ ಮೇಲೆ ‘450 ವ್ಯಾಟ್’ ಎಂದಿದ್ದರೂ ನಂಬಬೇಡಿ.

ಪರೀಕ್ಷೆ ಸುಲಭ. ಡಬ್ಬಿಯ ಮೇಲಿನ ಪಟ್ಟಿಯಲ್ಲಿ 12 ವೋಲ್ಟ್ ಸಾಲಿನ ಕೆಳಗೆ ಎಷ್ಟು ಆಂಪಿಯರ್ ಎಂದು ನೋಡಿ, 12ರಿಂದ ಗುಣಿಸಿ. 16 ಆಂಪಿಯರ್ ಎಂದಿದ್ದರೆ 192 ವ್ಯಾಟ್ ಅಷ್ಟೇ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಉಣ್ಣುವುದು ಈ ಸಾಲಿನಿಂದಲೇ. ಆರ್‌ಎಕ್ಸ್ 6600 ಒಂದೇ 132 ವ್ಯಾಟ್ ಕೇಳುತ್ತದೆ. ಹೆಸರಾಂತ ಕಂಪನಿಯ, 80 ಪ್ಲಸ್ ಗುರುತಿನ 450ರಿಂದ 550 ವ್ಯಾಟ್‌ನದ್ದು ಈ ದರ್ಜೆಯ ಯಂತ್ರಕ್ಕೆ ಸಾಕು.

ಹೇಳಿಕೆ 6: ಸ್ಟೆಬಿಲೈಜರ್, ಯುಪಿಎಸ್ ಇದ್ದರೆ ಸಿಡಿಲಿಗೂ ಭಯವಿಲ್ಲ

ಬೋರನಕಣಿವೆ ಸುತ್ತಿನ ಹಳ್ಳಿಗಳಲ್ಲಾಗಲಿ, ತುರುವೇಕೆರೆ ಕಡೆಯ ತೋಟದ ಮನೆಗಳಲ್ಲಾಗಲಿ ಬೆಂಗಳೂರಿನ ಯೂಟ್ಯೂಬರ್‌ಗಳು ಹೇಳದ ಒಂದು ಬಿಡಿಭಾಗ ಇದೆ: ಕರೆಂಟ್. ಒಂದೇ ಟಿಸಿಯಲ್ಲಿ ಹಲವು ಪಂಪ್‌ಸೆಟ್ ಒಟ್ಟಿಗೆ ಶುರುವಾದಾಗ ವೋಲ್ಟೇಜ್ ಕುಸಿಯುತ್ತದೆ. ಎಸ್‌ಎಂಪಿಎಸ್ ಮೇಲೆ ‘100–240 ವೋಲ್ಟ್’ ಎಂದಿದ್ದರೆ ಅಂತಹ ಕುಸಿತವನ್ನು ಅದು ತಾನೇ ತಾಳಿಕೊಳ್ಳುತ್ತದೆ, ಬೇರೆ ಸ್ಟೆಬಿಲೈಜರ್ ಬೇಕಾಗುವುದಿಲ್ಲ. ‘200–240’ ಎಂದಿದ್ದರೆ ಆಟದ ನಡುವೆಯೇ ಆಫ್ ಆಗಬಹುದು.

600 ವಿಎ ಯುಪಿಎಸ್ ಕೊಡುವುದು ಸಾಮಾನ್ಯವಾಗಿ 360 ವ್ಯಾಟ್. ಅದರೊಳಗಿನ ಸಣ್ಣ ಬ್ಯಾಟರಿ ಗೇಮಿಂಗ್ ಪಿಸಿಯನ್ನು ಕೆಲವೇ ನಿಮಿಷ ಹಿಡಿದಿಟ್ಟೀತು. ಕೆಲಸ ಉಳಿಸಿ ಸರಿಯಾಗಿ ಆಫ್ ಮಾಡಲು ಅಷ್ಟು ಸಾಕು, ಆಟ ಮುಗಿಸಲು ಅಲ್ಲ. ಮನೆಯ ಇನ್ವರ್ಟರ್‌ಗೆ ಜೋಡಿಸುವುದಾದರೆ ಅದು ಸೈನ್ ವೇವ್ ಮಾದರಿಯದ್ದೇ ನೋಡಿ, ಯುಪಿಎಸ್ ಮೋಡ್ ಇದ್ದರೆ ಹಾಕಿಡಿ.

ಮುಂಗಾರಿಗೆ ಮುಂಚಿನ ಗುಡುಗು ಮಳೆಯ ದಿನಗಳಲ್ಲಿ ಸಿಡಿಲು ದೂರದ ತಂತಿಗೆ ಬಡಿದರೂ ಅದರ ಹೊಡೆತ ಮನೆಯವರೆಗೆ ಬರಬಹುದು. ಸರ್ಜ್ ಪ್ರೊಟೆಕ್ಟರ್ ಸಣ್ಣ ಏರಿಳಿತ ತಡೆಯುತ್ತದೆ, ಅದೂ ಅರ್ಥಿಂಗ್ ಸರಿ ಇದ್ದರೆ ಮಾತ್ರ. ನೇರ ಸಿಡಿಲಿಗೆ ಯಾವ ಡಬ್ಬಿಯೂ ಅಡ್ಡ ನಿಲ್ಲದು. ಗುಡುಗು ಕೇಳುವ ಮೊದಲೇ, ಮೋಡ ಕಟ್ಟಿದಾಗಲೇ ಪ್ಲಗ್ ಕೀಳಿ, ಇಂಟರ್‌ನೆಟ್ ಕೇಬಲ್ ಕೂಡ ಬಿಡಿಸಿಡಿ. ಗುಡುಗು ಶುರುವಾದ ಮೇಲೆ ತಂತಿ ಮುಟ್ಟಲು ಹೋಗಬೇಡಿ. ಅರ್ಥಿಂಗ್ ಇಲ್ಲದ ಮನೆಯಲ್ಲಿ ಬಣ್ಣದ ಲೈಟಿಗೆ ಹಾಕುವ ದುಡ್ಡನ್ನು ಮೊದಲು ಅರ್ಥಿಂಗ್‌ಗೆ ಹಾಕಿ. ಅದು ಕಂಪ್ಯೂಟರಿಗಿಂತ ಮೊದಲು ಮನೆಯ ಜನರನ್ನು ಕಾಯುತ್ತದೆ.

ನಾರಿನ ದೂಳು ಇರುವ ಕಡೆ ಗಾಳಿ ಒಳಬರುವ ಭಾಗಕ್ಕೆ ಜಾಲರಿ ಇರುವ ಕ್ಯಾಬಿನೆಟ್ ಆರಿಸಿ, ಜಾಲರಿಯನ್ನು ಆಗಾಗ ಒರೆಸಿ. ದೂಳು ಕಟ್ಟಿದರೆ ಬಿಸಿ ಏರುತ್ತದೆ, ಬಿಸಿ ಏರಿದರೆ ಪ್ರೊಸೆಸರ್ ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ.

ಹೇಳಿಕೆ 7: ಮೈನಿಂಗ್‌ನಲ್ಲಿ ಬಳಸಿದ ಕಾರ್ಡ್ ಮುಟ್ಟಲೇಬಾರದು

ಅರ್ಧ ನಿಜ. 2022ರ ಸೆಪ್ಟೆಂಬರ್‌ನಲ್ಲಿ ಎಥೀರಿಯಂ ತನ್ನ ವ್ಯವಸ್ಥೆ ಬದಲಿಸಿದ ಮೇಲೆ ಗ್ರಾಫಿಕ್ಸ್ ಕಾರ್ಡ್‌ನಿಂದ ಅದನ್ನು ಗಣಿಸುವುದು ನಿಂತಿತು, ಬಳಸಿದ ಕಾರ್ಡ್‌ಗಳು ಮಾರುಕಟ್ಟೆಗೆ ಬಂದವು. ಅವುಗಳಲ್ಲಿ ಎಲ್ಲವೂ ಕೆಟ್ಟಿಲ್ಲ. ಫ್ಯಾನ್ ಸವೆದಿರಬಹುದು, ಮೆಮೊರಿ ಬಿಸಿ ತಿಂದಿರಬಹುದು. ಮುಂದೆ ನಿಂತು ಅರ್ಧ ಗಂಟೆ ಭಾರವಾದ ಆಟ ಓಡಿಸಿ ನೋಡದೆ ಕೊಳ್ಳಬೇಡಿ.

ಅದಕ್ಕಿಂತ ಹೆಚ್ಚು ಎಚ್ಚರ ಬೇಕಿರುವುದು ನಕಲಿ ಕಾರ್ಡ್‌ಗಳ ಬಗ್ಗೆ. ಹಳೆಯ ಚಿಪ್‌ಗೆ ಹೊಸ ಹೆಸರಿನ ತಂತ್ರಾಂಶ ತುಂಬಿ ಮಾರುವವರಿದ್ದಾರೆ. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಇಂತಹ ಹಲವು ನಕಲಿಗಳನ್ನು ಗುರುತಿಸಿ ಹೆಸರಿನ ಹಿಂದೆಯೇ ‘ಫೇಕ್’ ಎಂದು ತೋರಿಸುತ್ತದೆ. ಆರ್‌ಎಕ್ಸ್ 580 ಕೊಳ್ಳುವಾಗ 2304 ಕೋರ್‌ನದ್ದೋ 2048 ಕೋರ್‌ನದ್ದೋ ಎಂದೂ ನೋಡಿ. ಎರಡನೆಯದು ಹೆಸರಿಗೆ 580, ಶಕ್ತಿಯಲ್ಲಿ 570.

ನೂರು ರೂಪಾಯಿ ಹಂಚುವುದು ಹೇಗೆ?

ಪರದೆ, ಕೀಬೋರ್ಡ್ ಬಿಟ್ಟು ಪೆಟ್ಟಿಗೆಗೆ ನೂರು ರೂಪಾಯಿ ಇದೆ ಎಂದುಕೊಳ್ಳಿ. ಸುಮಾರು 40 ಗ್ರಾಫಿಕ್ಸ್ ಕಾರ್ಡ್‌ಗೆ, 18 ಪ್ರೊಸೆಸರ್‌ಗೆ, 14 ಮದರ್‌ಬೋರ್ಡ್‌ಗೆ, 16 ರ‍್ಯಾಮ್ ಮತ್ತು ಎಸ್‌ಎಸ್‌ಡಿಗೆ, 8 ಎಸ್‌ಎಂಪಿಎಸ್‌ಗೆ, 4 ಕ್ಯಾಬಿನೆಟ್‌ಗೆ. ಇದು ಅಂದಾಜು. ರ‍್ಯಾಮ್ ದುಬಾರಿಯಾದಾಗ ಹೆಚ್ಚುಕಡಿಮೆ ಆಗುತ್ತದೆ. ಕಡಿಮೆ ಬಿದ್ದಾಗ ಮೊದಲು ಕತ್ತರಿಸಬೇಕಾದ್ದು ಕ್ಯಾಬಿನೆಟ್‌ನ ಅಂದ, ಕೊನೆಗೂ ಕತ್ತರಿಸಬಾರದ್ದು ಎಸ್‌ಎಂಪಿಎಸ್.

ಬೆಂಗಳೂರಿನ ಎಸ್.ಪಿ. ರಸ್ತೆ ಈ ವ್ಯಾಪಾರದ ದೊಡ್ಡ ಪೇಟೆ. ತಿಪಟೂರಿನಿಂದ ಬೆಳಗಿನ ರೈಲಿಗೆ ಹೋಗಿ ಸಂಜೆಗೆ ಬರಬಹುದು. ನಾಲ್ಕು ಅಂಗಡಿಗಳಲ್ಲಿ ಮಾಡೆಲ್ ಸಮೇತ ಕೊಟೇಶನ್ ಬರೆಸಿಕೊಳ್ಳಿ. ಜಿಎಸ್‌ಟಿ ಬಿಲ್ ಇಲ್ಲದೆ ಸ್ವಲ್ಪ ಅಗ್ಗಕ್ಕೆ ಕೊಡುತ್ತೇವೆ ಎಂದರೆ, ಆ ಉಳಿತಾಯ ವಾರಂಟಿಯ ಬೆಲೆ ಎಂದು ತಿಳಿಯಿರಿ. ಪ್ರೊಸೆಸರ್ ಡಬ್ಬಿ ಸಮೇತ ಬರಲಿ. ಇಂಟೆಲ್‌ನ ಡಬ್ಬಿಯ ಪ್ರೊಸೆಸರ್‌ಗೆ ಮೂರು ವರ್ಷ ಕಂಪನಿ ವಾರಂಟಿ ಇರುತ್ತದೆ, ಬಿಡಿಯಾಗಿ ಕೊಡುವ ‘ಟ್ರೇ’ ಪ್ರೊಸೆಸರ್‌ಗೆ ಅಂಗಡಿಯವರ ಮಾತೇ ಆಧಾರ. ಸ್ಥಳೀಯ ಅಂಗಡಿ ತುಸು ಹೆಚ್ಚು ಕೇಳಿದರೂ ಬಿಲ್ ಕೊಟ್ಟು ರಿಪೇರಿಗೆ ತಾನೇ ಕಳಿಸಿಕೊಡುವುದಾದರೆ ಆ ಹೆಚ್ಚುವರಿ ವ್ಯರ್ಥವಲ್ಲ.

ಫಾರ್ವರ್ಡ್ ಮಾಡುವ ಮುನ್ನ ಈ ಐದು ಪ್ರಶ್ನೆ

1. ಪ್ರೊಸೆಸರ್‌ನ ಪೂರ್ತಿ ಸಂಖ್ಯೆ ಕೊಟ್ಟಿದ್ದಾರೆಯೇ, ಬರೀ ‘ಐ7’ ಎಂದಿದ್ದಾರೆಯೇ?
2. ಗ್ರಾಫಿಕ್ಸ್ ಕಾರ್ಡ್‌ನ ಮಾಡೆಲ್ ಹೆಸರಿದೆಯೇ, ಬರೀ ‘4 ಜಿಬಿ’ಯೇ?
3. ಎಸ್‌ಎಂಪಿಎಸ್ ಯಾವ ಕಂಪನಿಯದ್ದು?
4. ವಿಂಡೋಸ್ 11 ಅಧಿಕೃತವಾಗಿ ಓಡುತ್ತದೆಯೇ?
5. ಜಿಎಸ್‌ಟಿ ಬಿಲ್, ವಾರಂಟಿ ಇದೆಯೇ?

ಒಂದಕ್ಕೂ ಉತ್ತರ ಇಲ್ಲದ ಸಂದೇಶವಾದರೆ ಅದನ್ನು ಅಲ್ಲೇ ನಿಲ್ಲಿಸಿ. ಕೊಬ್ಬರಿಯ ಬೆಲೆ ಇರುವುದು ಮೇಲಿನ ಚಿಪ್ಪಿನಲ್ಲಲ್ಲ, ಒಳಗಿನ ತಿರುಳಿನಲ್ಲಿ. ಕಂಪ್ಯೂಟರನ್ನೂ ಹಾಗೆಯೇ ನೋಡಿ.